ತ್ಸೆಟ್ಸೆ ನೊಣ: ಬಲವೂ ದೌರ್ಬಲ್ಯವೂ

ಸಹಾರಾ ಮರುಭೂಮಿಯ ದಕ್ಷಿಣಕ್ಕಿರುವ ಆಫ್ರಿಕದ ಅನೇಕ ಪ್ರದೇಶಗಳಲ್ಲಿ ರೈತನು ಶತಮಾನಗಳ ಕಾಲ ನೇಗಿಲನ್ನು ಹೂಡದೆ ಗುದ್ದಲಿಯಿಂದಲೇ ನೆಲವನ್ನು ಅಗೆದು ಬೆಳೆ ತೆಗೆದನು. ಹುಲ್ಲು ನೀರುಗಳಿಗೆ ಕೊರತೆಯಿಲ್ಲದಿದ್ದರೂ ಅಲ್ಲಿ ಎತ್ತುಗಳು ಬದುಕಿ ಉಳಿಯುವುದು ದುಸ್ತರವಾಗಿತ್ತು. ಇದಕ್ಕೆ ಮುಖ್ಯ ಕಾರಣ ತ್ಸೆಟ್ಸೆ ಎಂಬ ಸಣ್ಣ ನೊಣ.

ಈ ನೊಣದಲ್ಲಿ ಸುಮಾರು 30 ಪ್ರಭೇದಗಳುಂಟು. ಗಂಡು ಹೆಣ್ಣುಗಳೆರಡೂ ರಕ್ತವನ್ನೇ ಹೀರಿ ಜೀವಿಸುತ್ತವೆ. ಹಾಗೆ ಹೀರುವಾಗ ಟ್ರಿಪನೋಸೋಮ ಎಂಬ ಏಕಕೋಶ ಪರೋಪಜೀವಿಯು ಒಂದು ದೇಹದಿಂದ ಮತ್ತೊಂದಕ್ಕೆ ದಾಟುತ್ತದೆ. ಇದು ದನಕರುಗಳಲ್ಲಿ ನಗಾನ ರೋಗವನ್ನುಂಟುಮಾಡುತ್ತದೆ. ಜ್ವರ ಮತ್ತು ರಕ್ತಹೀನತೆಯಿಂದ ಅವು ಕೃಶವಾಗಿ ಸಾಯುತ್ತವೆ. ಮನುಷ್ಯನಲ್ಲಿ ಇದೇ ಬಗೆಯ ಜೀವಿಯು ಮೆದುಳನ್ನು ಸೇರಿದಾಗ ಹಗಲು ತೂಕಡಿಕೆ, ಇರುಳು ಎಚ್ಚರ, ಬುದ್ಧಿಭ್ರಮೆಗಳು ತಲೆದೋರುತ್ತವೆ. ಆದುದರಿಂದಲೇ ಅದಕ್ಕೆ ನಿದ್ರಾರೋಗವೆಂದು ಹೆಸರು. ಚಿಕಿತ್ಸೆ ದೊರೆಯದಿದ್ದರೆ ಸಾಮಾನ್ಯವಾಗಿ ಮರಣವೇ ಗತಿ. ನಗಾನಕ್ಕೆ ಈ ಪರೋಪಜೀವಿಯೇ ಕಾರಣವೆಂಬುದನ್ನು ಡೇವಿಡ್ ಬ್ರೂಸ್ ಎಂಬ ವೈದ್ಯನು 1895ರ ವೇಳೆಗೆ ಜೂಲೂಲ್ಯಾಂಡಿನಲ್ಲಿ ಕಂಡುಹಿಡಿದನು.

ಇಷ್ಟು ಪ್ರಬಲವಾದ ಶತ್ರುವಿನಲ್ಲಿಯೂ ಒಂದು ದೌರ್ಬಲ್ಯವಿದೆ. ಮನೆಯ ನೊಣವು ನೂರಾರು ಮೊಟ್ಟೆಗಳನ್ನಿಡುತ್ತದೆ. ತ್ಸೆಟ್ಸೆಯಾದರೋ ಒಂದು ಸಲಕ್ಕೆ ಒಂದೇ ಮರಿಹುಳುವನ್ನು ಗರ್ಭದಲ್ಲಿಟ್ಟು, ಹಾಲಿನಂತಹ ರಸದಿಂದ ಪೋಷಿಸಿ, ಬೆಳೆದ ಮೇಲೆ ಹೆರುತ್ತದೆ. ಅದರ ಆಯುಷ್ಯದಲ್ಲಿ ಹುಟ್ಟುವ ಮರಿಗಳು ಹತ್ತರ ಆಸುಪಾಸು ಮಾತ್ರ. ಆದ್ದರಿಂದ ದಿನಕ್ಕೆ ಕೆಲವೇ ನೊಣಗಳು ಸತ್ತರೂ ಅದರ ಸಂತತಿ ಕ್ಷೀಣಿಸತೊಡಗುತ್ತದೆ. ನೀಲಿ ಬಣ್ಣಕ್ಕೆ ಆಕರ್ಷಿತವಾಗುವ ಈ ನೊಣವನ್ನು ಕೀಟನಾಶಕದಲ್ಲಿ ಅದ್ದಿದ ನೀಲಿ ಬಟ್ಟೆಯಿಂದಲೇ ಕೊಲ್ಲಬಹುದು. ಜಾಂಜಿಬಾರಿನ ಉಂಗುಜಾ ದ್ವೀಪದಲ್ಲಿ ಇಂತಹ ಕ್ರಮಗಳ ಜೊತೆಗೆ, ವಿಕಿರಣದಿಂದ ಸಂತಾನಶಕ್ತಿ ಕಳೆದ ಗಂಡುನೊಣಗಳನ್ನು ವಿಮಾನದಿಂದ ಬಿಡಲಾಯಿತು. 1997ರಲ್ಲಿ ಆ ದ್ವೀಪವು ತ್ಸೆಟ್ಸೆಮುಕ್ತವೆಂದು ಘೋಷಿತವಾಯಿತು.

ಆದರೆ ನಿದ್ರಾರೋಗದ ಇತಿಹಾಸವು ಎಚ್ಚರಿಕೆಯ ಪಾಠವನ್ನೂ ಕಲಿಸುತ್ತದೆ. 1960ರ ದಶಕದಲ್ಲಿ ಈ ರೋಗವು ಬಹುಮಟ್ಟಿಗೆ ಹತೋಟಿಗೆ ಬಂದಿತ್ತು. ರೋಗಿಗಳು ವಿರಳವಾದಂತೆ ಊರೂರು ತಿರುಗಿ ರಕ್ತ ಪರೀಕ್ಷಿಸುವ ಕಾರ್ಯವು ಸಡಿಲಗೊಂಡಿತು. ಕೆಲವೆಡೆ ಯುದ್ಧಗಳು ಅದನ್ನು ನಿಲ್ಲಿಸಿಯೇ ಬಿಟ್ಟವು. ಪರಿಣಾಮವಾಗಿ 1998ರಲ್ಲಿ ದಾಖಲಾದ ರೋಗಿಗಳ ಸಂಖ್ಯೆಯೇ 40,000ದ ಸಮೀಪಕ್ಕೆ ಏರಿತು. ಪರೀಕ್ಷೆ, ಚಿಕಿತ್ಸೆಗಳು ಮತ್ತೆ ಬಿರುಸುಗೊಂಡ ಫಲವಾಗಿ 2018ರಲ್ಲಿ ಅದು ಸಾವಿರಕ್ಕಿಂತ ಕೆಳಗಿಳಿಯಿತು. ರೋಗಿಗಳು ಕಾಣದಾದ ಕಾಲದಲ್ಲಿಯೇ ಕಣ್ಗಾವಲು ಹೆಚ್ಚು ಅಗತ್ಯವೆಂಬುದಕ್ಕೆ ಈ ಏರಿಳಿತಗಳೇ ಸಾಕ್ಷಿಯಾಗಿವೆ.