ಸಿಗಡಿ ಸುಕ್ಕ: ಮಸಾಲೆ ಮೊದಲು, ಸಿಗಡಿ ಕೊನೆಗೆ

ಸಿಗಡಿ ಬೇಯಲು ಬೇಕಾಗುವುದು 3ರಿಂದ 5 ನಿಮಿಷ ಮಾತ್ರ, ಸಿಗಡಿಯ ಅಡುಗೆ ಕೆಡುವುದು ಬಹುಮಟ್ಟಿಗೆ ಈ ಮಿತಿಯನ್ನು ದಾಟಿದ ಮೇಲೆ. ಕುರಿಯ ಮಾಂಸದಲ್ಲಿ ಸ್ನಾಯುವಿನ ಎಳೆಗಳನ್ನು ಒಂದಕ್ಕೊಂದು ಬಿಗಿದಿಡುವ ಸಂಯೋಜಕ ಅಂಗಾಂಶ ಹೆಚ್ಚಾಗಿ ಇರುವುದರಿಂದ ಅದು ಮೆತ್ತಗಾಗುವವರೆಗೆ ಬಹಳ ಹೊತ್ತು ಕುದಿಸಬೇಕಾಗುತ್ತದೆ. ಸಿಗಡಿಯಲ್ಲಿ ಈ ಅಂಗಾಂಶ ಕಡಿಮೆಯಿದ್ದು, ಒಳಭಾಗದ ಉಷ್ಣತೆ ಸುಮಾರು 63 ಡಿಗ್ರಿ ಸೆಲ್ಸಿಯಸ್ ಮುಟ್ಟುತ್ತಿದ್ದಂತೆ ಅದು ಬೆಂದು ತಿನ್ನಲು ಯೋಗ್ಯವಾಗುತ್ತದೆ. ಅಲ್ಲಿಂದ ಮುಂದೆಯೂ ಕಾಯಿಸುತ್ತಲೇ ಹೋದರೆ ಪ್ರೋಟೀನಿನ ಎಳೆಗಳು ಕುಗ್ಗಿ ತಮ್ಮೊಳಗಿನ ನೀರನ್ನು ಹಿಂಡಿ ಹೊರಹಾಕುತ್ತವೆ, ಕೊನೆಗೆ ಉಳಿಯುವುದು ಅಗಿದಷ್ಟೂ ಜಗ್ಗುವ ಒಣ ತುಂಡು. ಹೀಗಾಗಿ ಸಮಯವನ್ನೆಲ್ಲ ಸಿಗಡಿಯನ್ನು ಬಿಡಿಸುವುದಕ್ಕೂ ಮಸಾಲೆಗೂ ಕೊಟ್ಟು, ಸಿಗಡಿಯನ್ನು ಎಲ್ಲಕ್ಕಿಂತ ಕೊನೆಗೆ ಬಾಣಲೆಗೆ ಹಾಕುವುದೇ ಸರಿಯಾದ ಕ್ರಮ.

ಈ ಕ್ರಮಕ್ಕೆ ಚೆನ್ನಾಗಿ ಒಗ್ಗುವ ಅಡುಗೆ ಕರ್ನಾಟಕದ ಕರಾವಳಿಯ ಸಿಗಡಿ ಸುಕ್ಕ. ಸುಕ್ಕವೆಂದರೆ ಹುರಿದು ರುಬ್ಬಿದ ಮಸಾಲೆಯಲ್ಲಿ ಬೇಯಿಸಿ, ಕೊನೆಗೆ ತರಿತರಿಯಾದ ತೆಂಗಿನಕಾಯಿ ಸೇರಿಸಿ, ರಸವನ್ನು ಬಹುಪಾಲು ಇಂಗಿಸಿದ ಪದಾರ್ಥ. ಕುಂದಾಪುರದ ಕಡೆ ಚಟ್ಲಿ ಎಂದೂ ತುಳುವಿನಲ್ಲಿ ಎಟ್ಟಿ ಎಂದೂ ಕೊಂಕಣಿಯಲ್ಲಿ ಸುಂಗಟ ಎಂದೂ ಕರೆಸಿಕೊಳ್ಳುವ ಸಿಗಡಿಯಿಂದ ಗಸಿ, ಪುಳಿಮುಂಚಿ, ತುಪ್ಪದ ರೋಸ್ಟ್ ಮೊದಲಾದ ಹಲವು ಬಗೆಗಳನ್ನು ಮಾಡುತ್ತಾರಾದರೂ, ಕೆಲಸದಿಂದ ಮನೆಗೆ ಬಂದ ಮೇಲೆ ಒಂದು ಗಂಟೆಯೊಳಗೆ ನಾಲ್ವರಿಗೆ ಊಟ ಬಡಿಸಬೇಕಾದವರಿಗೆ ಸುಕ್ಕದಷ್ಟು ಅನುಕೂಲವಾದುದು ಇನ್ನೊಂದಿಲ್ಲ.

ಕೊಳ್ಳುವಾಗ

ಪಶ್ಚಿಮ ಕರಾವಳಿಯಲ್ಲಿ ಜೂನ್ 1ರಿಂದ ಜುಲೈ 31ರವರೆಗೆ 61 ದಿನಗಳ ಕಾಲ ಯಾಂತ್ರೀಕೃತ ದೋಣಿಗಳ ಮೀನುಗಾರಿಕೆಗೆ ನಿಷೇಧವಿರುವುದರಿಂದ, ಆ ಅವಧಿಯಲ್ಲಿ ಮಲ್ಪೆ, ಮಂಗಳೂರು, ಗಂಗೊಳ್ಳಿಗಳಂಥ ಬಂದರುಗಳಿಂದ ಮಾರುಕಟ್ಟೆಗೆ ಬರುವ ಸಮುದ್ರದ ಸಿಗಡಿ ಕಡಿಮೆಯಾಗುತ್ತದೆ. ಬೆಂಗಳೂರಿನಂಥ ಒಳನಾಡಿನ ನಗರಗಳಲ್ಲಿ ವರ್ಷವಿಡೀ ಸಿಗುವುದು ಹೆಚ್ಚಾಗಿ ವನ್ನಾಮಿ ಎಂಬ ಕೃಷಿ ಸಿಗಡಿ, ಅಂದರೆ ಕೊಳಗಳಲ್ಲಿ ಸಾಕಿದ ಸಿಗಡಿ. ಅಮೆರಿಕ ಖಂಡಗಳ ಪೆಸಿಫಿಕ್ ತೀರದ ಮೂಲದ್ದಾದ ಈ ತಳಿಯ ಸಾಕಣೆಗೆ ಭಾರತದಲ್ಲಿ 2009ರಲ್ಲಿ ಅನುಮತಿ ದೊರೆಯಿತು. ಇಂದು ಆಂಧ್ರಪ್ರದೇಶದ ಕರಾವಳಿಯಲ್ಲಿ ಇದನ್ನು ಬಹು ದೊಡ್ಡ ಪ್ರಮಾಣದಲ್ಲಿ ಬೆಳೆಯಲಾಗುತ್ತಿದೆ. ಸಮುದ್ರದ ಬಿಳಿ ಸಿಗಡಿಯ ರುಚಿ ಇದಕ್ಕಿಂತ ಒಂದು ಕೈ ಮೇಲು ಎಂಬುದು ನಿಜ, ಆದರೆ ಗಟ್ಟಿ ಮಸಾಲೆಯ ಸುಕ್ಕದಲ್ಲಿ ಆ ವ್ಯತ್ಯಾಸ ಅಷ್ಟಾಗಿ ಕಾಣುವುದಿಲ್ಲವಾದ್ದರಿಂದ ವನ್ನಾಮಿಯನ್ನು ತಳ್ಳಿಹಾಕಬೇಕಾದ ಕಾರಣವಿಲ್ಲ.

ತಾಜಾ ಸಿಗಡಿಯ ಸಿಪ್ಪೆ ಮೈಗೆ ಬಿಗಿಯಾಗಿ ಅಂಟಿಕೊಂಡು ಹೊಳೆಯುತ್ತಿರುತ್ತದೆ, ತಲೆ ಗಟ್ಟಿಯಾಗಿ ಕೂಡಿಕೊಂಡಿರುತ್ತದೆ, ಮೂಗಿಗೆ ಹಿಡಿದಾಗ ಸಮುದ್ರದ ನೀರಿನ ಲಘುವಾದ ವಾಸನೆ ಮಾತ್ರ ಬರುತ್ತದೆ. ಜೀರ್ಣಗ್ರಂಥಿ ಇರುವುದು ತಲೆಯಲ್ಲಿ. ಸಿಗಡಿ ಸತ್ತ ಮೇಲೆ ಅದರ ಕಿಣ್ವಗಳು ಸುತ್ತಲಿನ ಮಾಂಸವನ್ನು ಕರಗಿಸತೊಡಗುವುದರಿಂದ ಮೊದಲು ಸಡಿಲವಾಗುವುದು ತಲೆಯೇ. ತಲೆಯ ಸುತ್ತ ಮತ್ತು ಸಿಪ್ಪೆಯ ಅಂಚಿನಲ್ಲಿ ಕಾಣುವ ಕಪ್ಪು ಕಲೆಗಳು ಕೂಡ ಕಿಣ್ವಗಳ ಕ್ರಿಯೆಯಿಂದಲೇ ಉಂಟಾಗುವಂಥವು. ಅವು ಕಂಡ ಮಾತ್ರಕ್ಕೆ ಸಿಗಡಿ ಕೆಟ್ಟಿದೆಯೆಂದು ಹೇಳಲಾಗದಿದ್ದರೂ, ಹಿಡಿದು ಹೊತ್ತಾಗಿದೆ ಎಂಬುದಕ್ಕೆ ಅವೇ ಸಾಕ್ಷಿ. ಮೂಗಿಗೆ ಅಮೋನಿಯಾದ ಘಾಟು ತಾಗಿದರೆ ಅಂಥ ಸಿಗಡಿಯನ್ನು ಎಷ್ಟು ಕಡಿಮೆ ಬೆಲೆಗೆ ಕೊಟ್ಟರೂ ಕೊಳ್ಳಬಾರದು, ಏಕೆಂದರೆ ಯಾವ ಮಸಾಲೆಯೂ ಅದನ್ನು ಮುಚ್ಚಲಾರದು.

ತಲೆ ಮತ್ತು ಸಿಪ್ಪೆ ತೆಗೆದ ಮೇಲೆ ಉಳಿಯುವುದು ಹೆಚ್ಚುಕಡಿಮೆ ಅರ್ಧದಷ್ಟು ತೂಕ ಮಾತ್ರ. ನಾಲ್ವರ ಊಟಕ್ಕೆ 400 ಗ್ರಾಂ ಬಿಡಿಸಿದ ಸಿಗಡಿ ಬೇಕೆಂದಾದರೆ ಇಡಿಯಾದದ್ದನ್ನು ಸುಮಾರು 800 ಗ್ರಾಂ ಕೊಳ್ಳಬೇಕು. ಸುಕ್ಕಕ್ಕೆ ಮಧ್ಯಮ ಗಾತ್ರದವೇ ಉತ್ತಮ. ತೀರ ದೊಡ್ಡವುಗಳ ಒಳಗೆ ಐದು ನಿಮಿಷದಲ್ಲಿ ಮಸಾಲೆ ಇಳಿಯುವುದಿಲ್ಲ. ಹೆಪ್ಪುಗಟ್ಟಿಸಿದ ಸಿಗಡಿಯನ್ನು ತಂದವರು ಹಿಂದಿನ ರಾತ್ರಿಯೇ ಅದನ್ನು ಫ್ರೀಜರಿನಿಂದ ತೆಗೆದು ಫ್ರಿಜ್ಜಿನ ಕೆಳಭಾಗದಲ್ಲಿ ಇಡಬೇಕು; ಅದು ಮರೆತುಹೋಗಿದ್ದರೆ, ನೀರು ಒಳನುಗ್ಗದಂತೆ ಬಿಗಿಯಾಗಿ ಕಟ್ಟಿದ ಚೀಲದಲ್ಲಿ ಹಾಕಿ ತಣ್ಣೀರಿನಲ್ಲಿ ಅರ್ಧ ಗಂಟೆ ಮುಳುಗಿಸಿಟ್ಟರೆ ಸಾಕಾಗುತ್ತದೆ. ಬಿಸಿನೀರು ಹಾಕುವ ಅಭ್ಯಾಸ ತಪ್ಪು. ಒಳಗೆ ಮಂಜುಗಡ್ಡೆ ಇರುವಾಗಲೇ ಹೊರಮೈ ಬೇಯತೊಡಗುತ್ತದೆ.

ಬಿಡಿಸುವ ಬಗೆ

ಮೊದಲು ತಲೆಯನ್ನು ಹಿಡಿದು ತಿರುಚಿ ಎಳೆದು ತೆಗೆದು, ಬಳಿಕ ಹೊಟ್ಟೆಯ ಕಡೆ ಕಾಲುಗಳ ಬುಡದಲ್ಲಿ ಹೆಬ್ಬೆರಳನ್ನು ತೂರಿಸಿ ಸಿಪ್ಪೆಯನ್ನು ಸುತ್ತಲೂ ಬಿಡಿಸಿ ಕಳಚಬೇಕು. ಬೆನ್ನಿನ ಉದ್ದಕ್ಕೂ ಕಾಣುವ ಕಪ್ಪು ಎಳೆಯನ್ನು ಸಾಮಾನ್ಯವಾಗಿ ನರವೆಂದು ಕರೆಯುವುದುಂಟು. ವಾಸ್ತವದಲ್ಲಿ ಅದು ಸಿಗಡಿಯ ಕರುಳು, ಅದರೊಳಗೆ ಜೀರ್ಣವಾಗದೆ ಉಳಿದ ಆಹಾರ, ಕೆಲವೊಮ್ಮೆ ಮರಳಿನ ಕಣಗಳೂ ಇರುತ್ತವೆ. ಚೂಪು ಚಾಕುವಿನ ತುದಿಯಿಂದ ಬೆನ್ನನ್ನು ತೆಳ್ಳಗೆ ಗೀರಿ ಆ ಎಳೆಯನ್ನು ಎತ್ತಿ ತೆಗೆಯಬೇಕು. ಗೀರು ಆಳವಾದರೆ ಸಿಗಡಿ ಎರಡಾಗಿ ಅರಳಿಕೊಂಡು ಬೇಗನೆ ಒಣಗುತ್ತದೆ. ಬೆರಳಿನ ಗಾತ್ರಕ್ಕಿಂತ ಸಣ್ಣದಾದ ಸಿಗಡಿಗೆ ಚಾಕು ಹಿಡಿಯುವ ಬದಲು, ಹಲ್ಲುಕಡ್ಡಿಯ ಮೊನೆಯನ್ನು ಬೆನ್ನಿನ ನಡುವಿನ ಸಂದಿಯೊಂದರಲ್ಲಿ ತೂರಿಸಿ ಮೆಲ್ಲನೆ ಮೇಲೆತ್ತಿದರೆ ಎಳೆ ತುಂಡಾಗದೆ ಇಡಿಯಾಗಿ ಹೊರಬರುತ್ತದೆ.

ಬಿಡಿಸಿದ ಸಿಗಡಿಯನ್ನು ತಣ್ಣೀರಿನಲ್ಲಿ ಬೇಗಬೇಗ ಎರಡು ಸಲ ತೊಳೆದು, ನೀರು ಸೋರಿಹೋಗಲು ಜಾಲರಿ ಪಾತ್ರೆಯಲ್ಲಿಟ್ಟು, ಅರ್ಧ ಸಣ್ಣ ಚಮಚ ಉಪ್ಪು ಹಾಗೂ ಕಾಲು ಸಣ್ಣ ಚಮಚ ಅರಿಸಿನ ಸವರಿ ಬದಿಗಿಡಬೇಕು. ಈ ಹಂತದಲ್ಲಿ ಹುಣಸೆ ರಸವನ್ನಾಗಲಿ ನಿಂಬೆ ರಸವನ್ನಾಗಲಿ ಹಚ್ಚಿ ಗಂಟೆಗಟ್ಟಲೆ ನೆನೆಸುವುದು ಬೇಡ. ಹುಳಿಯ ಆಮ್ಲವು ಒಲೆಯ ನೆರವಿಲ್ಲದೆಯೇ ಪ್ರೋಟೀನನ್ನು ಗಟ್ಟಿಗೊಳಿಸಿ ಹೊರಮೈಯನ್ನು ಬಿಳುಚಿಸುವುದರಿಂದ, ಬಾಣಲೆಗೆ ಬೀಳುವ ಮುನ್ನವೇ ಸಿಗಡಿ ಅರ್ಧ ಬಿಗಿದುಕೊಂಡಿರುತ್ತದೆ.

ತಲೆ ಮತ್ತು ಸಿಪ್ಪೆಗಳನ್ನು ಎಸೆಯದಿರುವುದು ಜಾಣತನ, ಸಿಗಡಿಯ ಸ್ವಂತ ಪರಿಮಳ ಬಹುಪಾಲು ಇರುವುದು ಅವುಗಳಲ್ಲಿಯೇ. ಅವನ್ನು ತೊಳೆದು ಒಂದೂವರೆ ಲೋಟ ನೀರಿನಲ್ಲಿ ಸಣ್ಣ ಉರಿಯಲ್ಲಿ ಹತ್ತು ನಿಮಿಷ ಕುದಿಸಿ ಸೋಸಿದರೆ ತಿಳಿ ಕೆಂಪು ಬಣ್ಣದ ಕಟ್ಟು ಸಿಗುತ್ತದೆ. ಮಸಾಲೆಗೆ ಬರಿಯ ನೀರಿನ ಬದಲು ಈ ಕಟ್ಟನ್ನು ಹಾಕುವುದೊಂದರಿಂದಲೇ ಅಡುಗೆಯ ರುಚಿ ಬೇರೊಂದು ಮಟ್ಟಕ್ಕೆ ಏರುತ್ತದೆ.

ಮಸಾಲೆ

ರುಬ್ಬುವ ಮಸಾಲೆಗೆ 8 ಬ್ಯಾಡಗಿ ಮೆಣಸು, ಒಂದೂವರೆ ದೊಡ್ಡ ಚಮಚ ಕೊತ್ತಂಬರಿ ಬೀಜ, ಅರ್ಧ ಸಣ್ಣ ಚಮಚ ಜೀರಿಗೆ, ಅಷ್ಟೇ ಕಾಳುಮೆಣಸು, ಎಣಿಸಿ ಹಾಕುವಂತೆ 8ರಿಂದ 10 ಕಾಳು ಮೆಂತ್ಯ, 5 ಎಸಳು ಬೆಳ್ಳುಳ್ಳಿ ಹಾಗೂ ಸಣ್ಣ ನೆಲ್ಲಿಕಾಯಿ ಗಾತ್ರದ ಹುಣಸೆಹಣ್ಣು ಬೇಕು. ಇವುಗಳ ಜೊತೆಗೆ 2 ಮಧ್ಯಮ ಗಾತ್ರದ ಈರುಳ್ಳಿ, ಒಂದು ಲೋಟ ತೆಂಗಿನಕಾಯಿ ತುರಿ, ಎರಡು ಎಸಳು ಕರಿಬೇವು ಮತ್ತು ಎರಡು ದೊಡ್ಡ ಚಮಚ ತೆಂಗಿನೆಣ್ಣೆ ಇದ್ದರೆ ಸಾಮಗ್ರಿ ಪೂರ್ತಿಯಾಯಿತು. 2011ರಲ್ಲಿ ಭೌಗೋಳಿಕ ಗುರುತು, ಅಂದರೆ ನಿರ್ದಿಷ್ಟ ಪ್ರದೇಶದ ವಿಶಿಷ್ಟ ಉತ್ಪನ್ನವೆಂಬ ಕಾನೂನಿನ ಮಾನ್ಯತೆ ಪಡೆದ ಬ್ಯಾಡಗಿ ಮೆಣಸಿನಲ್ಲಿ ಬಣ್ಣ ಹೆಚ್ಚು, ಖಾರ ಕಡಿಮೆ; ಹೀಗಾಗಿ ಎಂಟು ಮೆಣಸು ಹಾಕಿದರೂ ನಾಲಗೆ ಉರಿಯುವುದಿಲ್ಲ. ಖಾರ ಬೇಕೆನ್ನುವವರು ಗುಂಟೂರಿನ ಒಂದೆರಡು ಮೆಣಸನ್ನು ಸೇರಿಸಿಕೊಳ್ಳಬಹುದು. ಟೊಮೆಟೊ, ಗರಂ ಮಸಾಲೆ, ಕೆಂಪು ಬಣ್ಣದ ಪುಡಿ ಇವು ಯಾವುವೂ ಸುಕ್ಕಕ್ಕೆ ಸಲ್ಲದವು.

ಮೆಣಸನ್ನು ಅರ್ಧ ಚಮಚ ಎಣ್ಣೆಯಲ್ಲಿ ಗರಿಗರಿಯಾಗುವಂತೆ ಹುರಿದು ತೆಗೆದ ಮೇಲೆ ಕೊತ್ತಂಬರಿಯನ್ನೂ ಕಾಳುಮೆಣಸನ್ನೂ, ಕೊನೆಗೆ ಜೀರಿಗೆ ಮತ್ತು ಮೆಂತ್ಯವನ್ನು ಹುರಿಯಬೇಕು. ಎಲ್ಲವನ್ನೂ ಒಟ್ಟಿಗೆ ಹಾಕಿದರೆ ಕೊತ್ತಂಬರಿ ಘಮ್ಮೆನ್ನುವ ಹೊತ್ತಿಗೆ ಮೆಂತ್ಯ ಕಪ್ಪಾಗಿ, ಇಡೀ ಮಸಾಲೆ ಕಹಿಯಾಗುತ್ತದೆ. ಹುರಿದದ್ದು ಆರಿದ ಬಳಿಕ ಅದಕ್ಕೆ ಹುಣಸೆಹಣ್ಣನ್ನೂ 3 ಎಸಳು ಬೆಳ್ಳುಳ್ಳಿಯನ್ನೂ ಸೇರಿಸಿ, ಆದಷ್ಟು ಕಡಿಮೆ ನೀರಿನಲ್ಲಿ ನುಣ್ಣಗೆ ರುಬ್ಬಬೇಕು. ತೆಂಗಿನ ತುರಿಯನ್ನು ಮಾತ್ರ ಇದರೊಂದಿಗೆ ಸೇರಿಸದೆ, ಉಳಿದ ಎರಡು ಎಸಳು ಬೆಳ್ಳುಳ್ಳಿಯ ಜೊತೆ ನೀರಿಲ್ಲದೆ ಮಿಕ್ಸಿಯಲ್ಲಿ ಎರಡು ಸುತ್ತು ತಿರುಗಿಸಿ ತರಿಯಾಗಿಯೇ ಇಟ್ಟುಕೊಳ್ಳಬೇಕು. ತೆಂಗಿನಕಾಯಿ ನುಣ್ಣಗಾದರೆ ಅದು ಸುಕ್ಕವಾಗದೆ ಗಸಿಯಾಗುತ್ತದೆ.

ಒಲೆಯ ಮೇಲೆ

ಅಗಲವಾದ ಬಾಣಲೆಯಲ್ಲಿ ಎಣ್ಣೆ ಕಾಯಿಸಿ, ಕರಿಬೇವು ಸಿಡಿದ ಮೇಲೆ ಸಣ್ಣಗೆ ಹೆಚ್ಚಿದ ಈರುಳ್ಳಿಯನ್ನು ಹಾಕಿ, ಅಂಚುಗಳು ಕಂದು ಬಣ್ಣಕ್ಕೆ ತಿರುಗುವವರೆಗೆ ಏಳೆಂಟು ನಿಮಿಷ ಬಾಡಿಸಬೇಕು. ಅನಂತರ ರುಬ್ಬಿದ ಮಸಾಲೆಯನ್ನು ಸುರಿದು, ಮಧ್ಯಮ ಉರಿಯಲ್ಲಿ ತಳ ಹಿಡಿಯದಂತೆ ಕೆದಕುತ್ತ ಹುರಿಯುತ್ತಿದ್ದರೆ ಮೊದಲು ನೀರಿನ ಅಂಶ ಆರಿ ಮಸಾಲೆ ಮುದ್ದೆಯಾಗುತ್ತದೆ, ಬಳಿಕ ಅದರ ಬಣ್ಣ ಗಾಢವಾಗಿ ಅಂಚಿನಲ್ಲಿ ಎಣ್ಣೆ ಒಸರತೊಡಗುತ್ತದೆ. ಎಣ್ಣೆ ಬಿಡುವುದೆಂದು ಅಡುಗೆಯವರು ಹೇಳುವುದು ಈ ಹಂತವನ್ನು, ಹಸಿ ವಾಸನೆ ಹೋಗಿದೆ ಎಂಬುದಕ್ಕೆ ಇದೇ ನಂಬಬಹುದಾದ ಗುರುತು. ಇಲ್ಲಿ ಅವಸರ ಮಾಡಿದವರು ಸಿಗಡಿಯನ್ನು ಹಾಕಿದ ಮೇಲೆ ಮಸಾಲೆ ಬೇಯಲೆಂದು ಕಾಯಬೇಕಾಗಿ ಬಂದು, ಎರಡನ್ನೂ ಕೆಡಿಸುತ್ತಾರೆ.

ಈಗ ಅರ್ಧ ಲೋಟ ಸಿಪ್ಪೆಯ ಕಟ್ಟನ್ನು ಹಾಕಿ, ಉಪ್ಪು ನೋಡಿ, ಚೆನ್ನಾಗಿ ಕುದಿ ಬಂದ ಮೇಲೆ ಸಿಗಡಿಯನ್ನು ಒಂದರ ಮೇಲೊಂದು ಬೀಳದಂತೆ ಹರಡಬೇಕು. ಉರಿ ಜೋರಾಗಿಯೇ ಇರಲಿ, ಮುಚ್ಚಳ ಬೇಡ. ಮುಚ್ಚಿದರೆ ಆವಿ ನೀರಾಗಿ ಇಳಿದು ಸುಕ್ಕ ತೆಳ್ಳಗಾಗುತ್ತದೆ. ಎರಡು ನಿಮಿಷದೊಳಗೆ ಬೂದು ಬಣ್ಣದ, ಅರೆಪಾರದರ್ಶಕವಾದ ಮಾಂಸವು ಅಂಚಿನಿಂದ ಒಳಮುಖವಾಗಿ ಬೆಳ್ಳಗಾಗುತ್ತ, ಹೊರಮೈಯಲ್ಲಿ ಕಿತ್ತಳೆ ಕೆಂಪಿನ ಗೆರೆಗಳು ಮೂಡುವುದನ್ನು ಕಾಣಬಹುದು. ಆಸ್ಟಕ್ಸಾಂಥಿನ್ ಎಂಬ ಕೆಂಪು ವರ್ಣದ್ರವ್ಯ ಹಸಿ ಸಿಗಡಿಯಲ್ಲಿಯೂ ಇರುತ್ತದೆ. ಆದರೆ ಅದು ಪ್ರೋಟೀನೊಂದಕ್ಕೆ ಅಂಟಿಕೊಂಡಿರುವುದರಿಂದ ಕಣ್ಣಿಗೆ ಬೂದಾಗಿ ತೋರುತ್ತದೆ, ಬಿಸಿಗೆ ಆ ಪ್ರೋಟೀನು ಸಡಿಲಗೊಂಡಾಗ ಸ್ವಂತ ಬಣ್ಣ ಹೊರಬೀಳುತ್ತದೆ. ಸಿಗಡಿಯನ್ನು ಒಮ್ಮೆ ಮಗುಚಿ ಇನ್ನೊಂದು ನಿಮಿಷ ಬಿಟ್ಟರೆ ಅದು ಕುಡುಗೋಲಿನಂತೆ ಬಾಗುತ್ತದೆ, ಬೆಂದಿದೆ ಎಂಬುದಕ್ಕೆ ಆ ಬಾಗುವಿಕೆಯೇ ಗುರುತು. ತಲೆಯಿದ್ದ ಕಡೆಯ ತುದಿ ಬಾಲವನ್ನು ಮುಟ್ಟುವಷ್ಟು ಸುತ್ತಿಕೊಂಡಿದ್ದರೆ ಹೊತ್ತು ಮೀರಿದೆಯೆಂದೇ ತಿಳಿಯಬೇಕು.

ಸಿಗಡಿ ಬಾಗಿದ ಕೂಡಲೇ ತರಿಯಾದ ತೆಂಗಿನಕಾಯಿಯನ್ನು ಉದುರಿಸಿ, ಕೆಳಗಿನಿಂದ ಮೇಲಕ್ಕೆ ಮೆಲ್ಲಗೆ ಮಗುಚಿ, ಒಂದು ನಿಮಿಷದಲ್ಲಿ ಒಲೆ ಆರಿಸಬೇಕು. ಬಾಣಲೆಯಲ್ಲಿ ಉಳಿದ ಕಾವಿನಲ್ಲಿಯೂ ಬೇಯುವಿಕೆ ಮುಂದುವರಿಯುತ್ತದೆ, ಹಾಗಾಗಿ ಕೂಡಲೇ ಬೇರೆ ಪಾತ್ರೆಗೆ ಬಗ್ಗಿಸುವುದು ಕ್ಷೇಮ. ಕಾಲು ಗಂಟೆ ಹಾಗೆಯೇ ಬಿಟ್ಟರೆ ತೆಂಗಿನಕಾಯಿ ಮಸಾಲೆಯ ರಸವನ್ನು ಹೀರಿಕೊಂಡು ರುಚಿ ಕೂಡಿಬರುತ್ತದೆ.

ಜೊತೆಗೆ ಕುಚ್ಚಲಕ್ಕಿಯ ಅನ್ನ ಹೊಂದುತ್ತದಾದರೂ ಅದು ಬೇಯಲು ಬಹಳ ಹೊತ್ತು ಬೇಕಾಗುವುದರಿಂದ, ಅವಸರದ ಸಂಜೆಗೆ ಬೆಳ್ತಿಗೆ ಅನ್ನವೂ ತಿಳಿಸಾರೂ ಸಾಕು. ಬೆಳಿಗ್ಗೆಯೇ ಅಕ್ಕಿ ನೆನೆಹಾಕಿದವರಿಗೆ ನೀರುದೋಸೆಯೇ ಮೊದಲ ಆಯ್ಕೆಯಾಗಬೇಕು. ಮಸಾಲೆ ರುಬ್ಬುವಷ್ಟೂ ವ್ಯವಧಾನವಿಲ್ಲದ ದಿನ ಜಜ್ಜಿದ ಎಂಟು ಎಸಳು ಬೆಳ್ಳುಳ್ಳಿ, ಕುಟ್ಟಿದ ಕಾಳುಮೆಣಸು, ಕರಿಬೇವುಗಳನ್ನು ತೆಂಗಿನೆಣ್ಣೆಯಲ್ಲಿ ಬಾಡಿಸಿ, ಸಿಗಡಿಯನ್ನು ಒಂದೊಂದು ಮಗ್ಗುಲಿಗೆ ಎರಡೆರಡು ನಿಮಿಷ ಹುರಿದು ನಿಂಬೆ ಹಿಂಡಿದರೂ ಊಟಕ್ಕೆ ಒಳ್ಳೆಯ ಜೊತೆಯೇ ಆಗುತ್ತದೆ.

ಕೊನೆಯದಾಗಿ ಆರೋಗ್ಯದ ವಿಷಯ. ಸಿಗಡಿಯ ಅಲರ್ಜಿಗೆ ಮುಖ್ಯ ಕಾರಣವಾದ ಟ್ರೋಪೋಮಯೋಸಿನ್ ಎಂಬ ಸ್ನಾಯುವಿನ ಪ್ರೋಟೀನು ಎಷ್ಟು ಬೇಯಿಸಿದರೂ ನಾಶವಾಗುವುದಿಲ್ಲ. ಸಿಗಡಿ ತಿಂದಾಗ ಹಿಂದೆಂದಾದರೂ ತುಟಿ ಊದಿದ್ದರೆ, ಮೈ ತುರಿಸಿದ್ದರೆ ಅಥವಾ ಉಸಿರು ಕಟ್ಟಿದ್ದರೆ ವೈದ್ಯರನ್ನು ಕೇಳದೆ ಮತ್ತೆ ಮುಟ್ಟಬಾರದು, ಅತಿಥಿಗಳಿಗೆ ಬಡಿಸುವ ಮುನ್ನವೂ ಈ ವಿಷಯವನ್ನು ವಿಚಾರಿಸಬೇಕು. ಉಳಿದ ಸುಕ್ಕವನ್ನು ಎರಡು ಗಂಟೆಯೊಳಗೆ ಫ್ರಿಜ್ಜಿಗೆ ಸೇರಿಸಿ, ಮರುದಿನ ಬೇಕಾದಷ್ಟನ್ನು ಮಾತ್ರ ತೆಗೆದು ಹಬೆಯಾಡುವಂತೆ ಬಿಸಿ ಮಾಡಿಕೊಂಡು ಎರಡು ದಿನದೊಳಗೆ ಮುಗಿಸಬೇಕು.