ಪಂಪ್‌ಸೆಟ್ ರಕ್ಷಣಾ ಬೋರ್ಡಿನ ಪ್ರೋಗ್ರಾಂ ಪರೀಕ್ಷೆ

ಮೂರು ಫೇಸಿನ ಪಂಪ್‌ಸೆಟ್ ಓಡುತ್ತಿರುವಾಗ ಒಂದು ಫೇಸ್ ತಪ್ಪಿದರೆ ಉಳಿದೆರಡು ಫೇಸುಗಳಲ್ಲಿ ಕರೆಂಟು ಏರಿ ಮೋಟಾರಿನ ವೈಂಡಿಂಗ್ ಸುಟ್ಟುಹೋಗುತ್ತದೆ. ಇದನ್ನು ತಡೆಯಲು ಸ್ಟಾರ್ಟರಿನಲ್ಲಿ ಮೈಕ್ರೋಕಂಟ್ರೋಲರ್ ಇರುವ ಬೋರ್ಡನ್ನು ಅಳವಡಿಸುವುದುಂಟು. ಅದರ ಪ್ರೋಗ್ರಾಂ ಸರಿಯಾಗಿ ಪರೀಕ್ಷೆಯಾಗಿದೆಯೇ ಎಂಬುದನ್ನು ರೈತರು ತಯಾರಕರಿಂದ ಕೇಳಿ ತಿಳಿಯುವುದು ಒಳ್ಳೆಯದು.

ಮೋಟಾರಿಲ್ಲದೆ ಮೇಜಿನ ಮೇಲೆ ಪರೀಕ್ಷಿಸುವಾಗ ಒಂದು ಫೇಸ್ ತೆಗೆದೊಡನೆ ಅದರ ವೋಲ್ಟೇಜು ಇಳಿದು ರಿಲೇ ಬಿಡುತ್ತದೆ. ತೋಟದಲ್ಲಿ ಹಾಗಾಗದೇ ಇರಬಹುದು. ಓಡುತ್ತಿರುವ ಮೋಟಾರೇ ತಪ್ಪಿದ ಫೇಸಿನಲ್ಲಿ ವೋಲ್ಟೇಜನ್ನು ಹುಟ್ಟಿಸುವುದರಿಂದ ಪ್ರೋಗ್ರಾಂ ಮೋಸಹೋಗುತ್ತದೆ. ಆದುದರಿಂದ ಮೂರೂ ಫೇಸುಗಳ ಕರೆಂಟನ್ನು ಅಳೆದು ಹೋಲಿಸುವಂತೆ ಪ್ರೋಗ್ರಾಂ ಬರೆಯಬೇಕು.

ಪರೀಕ್ಷಿಸುವವರು ಗಮನಿಸತಕ್ಕ ಅಂಶಗಳು:

1. ಪ್ರೋಗ್ರಾಂ ತುಂಬುವಾಗ ಮೋಟಾರಿನ ಸಂಪರ್ಕ ಬಿಡಿಸಿರಬೇಕು.

2. ದೋಷ ಹುಡುಕಲು ಪ್ರೋಗ್ರಾಂ ಅನ್ನು ನಡುವೆ ನಿಲ್ಲಿಸಿದಾಗ ರಿಲೇ ಹಿಡಿದಂತೆಯೇ ಉಳಿಯಬಹುದು. ಆಗ ಬೋರ್ಡಿನಿಂದ ರಕ್ಷಣೆ ದೊರೆಯದು.

3. ಟ್ರಾನ್ಸ್‌ಫಾರ್ಮರ್ ಇಲ್ಲದ ಬೋರ್ಡಿನ ಎಲ್ಲ ಭಾಗಗಳಲ್ಲೂ ಲೈನಿನ ವಿದ್ಯುತ್ ಇರಬಹುದು. ಅದನ್ನು ಮುಟ್ಟುವುದೂ ಕಂಪ್ಯೂಟರಿಗೆ ನೇರವಾಗಿ ಜೋಡಿಸುವುದೂ ಪ್ರಾಣಾಪಾಯಕಾರಿ.

ಬೋರ್ಡು ಹಾಕಿದರೂ ಸ್ಟಾರ್ಟರಿನ ಓವರ್‌ಲೋಡ್ ರಿಲೇಯನ್ನು ತೆಗೆಯಬಾರದು. ಪ್ರೋಗ್ರಾಂ ತಪ್ಪಿದ ದಿನ ಮೋಟಾರಿಗೆ ಉಳಿಯುವ ಆಸರೆ ಅದೊಂದೇ.