ಭರ್ತಿ ಹಿಂದಿನಿಂದ ಬರುತ್ತದೆ

ತಮ್ಮಾ, ನಿನ್ನೆ ಸಂಜೆ ಮೂರು ಮೊನೆಯ ಆ ಹೊಸ ಈಟಿಯನ್ನು ತಂದು ತೋರಿಸಿದೆಯಲ್ಲ, ಆಗ ನಾನು ಹೆಚ್ಚು ಮಾತಾಡಲಿಲ್ಲ. ನಿನ್ನ ಗೆಳೆಯರಿದ್ದರು. ಅವರೆದುರು ನಿನ್ನ ಉತ್ಸಾಹಕ್ಕೆ ತಣ್ಣೀರೆರಚುವುದು ಸರಿಯೆನಿಸಲಿಲ್ಲ. ಆದರೆ ರಾತ್ರಿ ನಿದ್ದೆ ಹತ್ತಲಿಲ್ಲ. ತಲೆಗೆ ದೀಪ ಕಟ್ಟಿಕೊಂಡು ಚಿಖಲಿಯ ಕೊಲ್ಲಿಗೆ ಇಳಿದು ನಂಗು ಮೀನು ಚುಚ್ಚಿ ತರುತ್ತೇವೆ ಅಂದಿ. ಹೋಗಬೇಡ ಅನ್ನುವುದಿಲ್ಲ. ನಾನೂ ಹೋದವನೇ. ಅದಕ್ಕೇ ಇಷ್ಟು ಬರೆಯುತ್ತಿದ್ದೇನೆ.

ನಿಮ್ಮಪ್ಪ ರೋಣದ ಕಡೆಯವರು. ಬಂದರಿನ ಕೆಲಸಕ್ಕೆಂದು ಗೋವೆಯ ವಾಸ್ಕೋಗೆ ಬಂದರು, ನೀನು ಇಲ್ಲೇ ಹುಟ್ಟಿದೆ. ನಿಮ್ಮ ಮನೆಯಲ್ಲಿ ಕೆರೆ ಬಲ್ಲವರಿದ್ದಾರೆ, ಬಾವಿ ಬಲ್ಲವರಿದ್ದಾರೆ, ಕಡಲು ಬಲ್ಲವರಿಲ್ಲ. ಕೆರೆಯ ನೀರು ಸಂಜೆ ಎಲ್ಲಿತ್ತೋ ಬೆಳಿಗ್ಗೆಯೂ ಅಲ್ಲೇ ಇರುತ್ತದೆ. ಕೊಲ್ಲಿಯ ನೀರು ಹಾಗಲ್ಲ. ನೀನು ನಿಂತಿದ್ದಂತೆಯೇ ಅದು ನಿನ್ನ ಸುತ್ತ ಜಾಗ ಬದಲಿಸುತ್ತದೆ.

ನಾನು ಅಂಕೋಲೆಯ ಗಂಗಾವಳಿ ಅಳಿವೆಯ ದಂಡೆಯಲ್ಲಿ ಬೆಳೆದವನು. ಹದಿನಾರು ವರ್ಷದವನಿದ್ದಾಗ ಒಂದು ರಾತ್ರಿ ಅಣ್ಣನೂ ನಾನೂ ತೆಂಗಿನ ಗರಿಯ ಸೂಡಿಯನ್ನೂ ಕತ್ತಿಯನ್ನೂ ಹಿಡಿದು ಇಳಿತದ ನೀರಿಗೆ ಇಳಿದೆವು. ದಂಡೆಯಿಂದ ಒಂದಿಷ್ಟು ದೂರದಲ್ಲಿ ಮರಳಿನ ದಿಣ್ಣೆ. ಅಲ್ಲಿ ಕಣಕಾಲಷ್ಟೇ ನೀರು, ಮೀನು ಚೆನ್ನಾಗಿ ಸಿಕ್ಕಿತು. ಸಿಕ್ಕಷ್ಟೂ ಮುಂದೆ ಮುಂದೆ ಹೋದೆವು. ತಿರುಗಿ ನೋಡಿದಾಗ ದಿಣ್ಣೆಗೂ ದಂಡೆಗೂ ನಡುವಿದ್ದ ತಗ್ಗು ಎದೆಮಟ್ಟ ತುಂಬಿ ಹರಿಯುತ್ತಿತ್ತು. ನಾವು ನಿಂತ ಜಾಗದಲ್ಲಿ ನೀರು ಇನ್ನೂ ಮೊಣಕಾಲು ಮುಟ್ಟಿರಲಿಲ್ಲ! ಉಬ್ಬರ ಎದುರಿನಿಂದ ಅಲೆಯಾಗಿ ಬರುತ್ತದೆ ಅಂದುಕೊಂಡಿದ್ದೆವು. ಅದು ಮೊದಲು ತುಂಬುವುದು ತಗ್ಗನ್ನು, ಅಂದರೆ ನಮ್ಮ ಬೆನ್ನ ಹಿಂದಿನ ದಾರಿಯನ್ನು. ಸೂಡಿ ನೆನೆದು ಆರಿತು. ಕತ್ತಲಲ್ಲಿ ದಂಡೆ ಯಾವುದು, ಸಮುದ್ರ ಯಾವುದು ತಿಳಿಯಲಿಲ್ಲ. ಆಗ ಆಯಿ ದಂಡೆಯ ಮೇಲೆ ನಿಂತು ಹಿತ್ತಾಳೆಯ ತಟ್ಟೆ ಬಡಿಯತೊಡಗಿದಳು. ಆ ಸದ್ದಿನ ದಿಕ್ಕಿಗೆ ಈಜಿದೆವು. ಮೀನೂ ಹೋಯಿತು, ಕತ್ತಿಯೂ ಹೋಯಿತು. ನಾವು ಉಳಿದೆವು. ಅಣ್ಣ ಆಮೇಲೆ ಎಂದೂ ರಾತ್ರಿ ನೀರಿಗೆ ಇಳಿಯಲಿಲ್ಲ.

ಇಲ್ಲಿ ಇಳಿತಕ್ಕೆ ಸುಕ್ತಿ, ಉಬ್ಬರಕ್ಕೆ ಭರ್ತಿ ಅನ್ನುತ್ತಾರೆ. ಈ ಎರಡು ಮಾತನ್ನು ಈಟಿಗಿಂತ ಮೊದಲು ಕಲಿ. ಹುಣ್ಣಿಮೆ ಅಮಾವಾಸ್ಯೆಗಳ ಸುತ್ತ ಮುರಗಾಂವಿನಲ್ಲಿ ನೀರು ಎರಡು ಮೀಟರಿನ ಆಸುಪಾಸು ಏರಿ ಇಳಿಯುತ್ತದೆ. ಏರಲು ಸುಮಾರು ಆರು ಗಂಟೆ. ಆದರೆ ಆರೂ ಗಂಟೆ ಒಂದೇ ಸಮನೆ ಏರುವುದಿಲ್ಲ. ಒಟ್ಟು ಏರಿಕೆಯನ್ನು ಹನ್ನೆರಡು ಪಾಲು ಮಾಡಿದರೆ ಮೊದಲ ಗಂಟೆಗೆ ಒಂದು ಪಾಲು, ಎರಡನೆಯದಕ್ಕೆ ಎರಡು, ಮೂರು ನಾಲ್ಕನೆಯದಕ್ಕೆ ಮೂರು ಮೂರು, ಮತ್ತೆ ಎರಡು, ಕೊನೆಗೆ ಒಂದು. ಇದು ಹಡಗಿನವರ ಹಳೆಯ ಅಂದಾಜು. ಎರಡು ಮೀಟರಿಗೆ ಲೆಕ್ಕ ಹಾಕಿ ನೋಡು. ಮೊದಲ ಗಂಟೆಯಲ್ಲಿ ಏರುವುದು ಒಂದು ಗೇಣಿಗೂ ಕಡಿಮೆ. ಅದನ್ನು ನೋಡಿ ಇನ್ನೂ ಹೊತ್ತಿದೆ ಅನ್ನಿಸುತ್ತದೆ. ಮೂರನೆಯ ಗಂಟೆಯೊಂದರಲ್ಲೇ ಅರ್ಧ ಮೀಟರು ಏರುತ್ತದೆ. ಮೊಣಕಾಲಿನ ನೀರು ಸೊಂಟಕ್ಕೆ ಬರುವುದು ಆಗ. ಆದ್ದರಿಂದ ನೀರು ಇಳಿಯುತ್ತಿರುವಾಗ ಇಳಿ, ಅದು ಪೂರಾ ಇಳಿದು ನಿಂತ ಹೊತ್ತಿಗೆ ದಂಡೆಗೆ ಮುಖ ಮಾಡು. ಮೀನು ಸಿಕ್ಕಿರಲಿ, ಬಿಟ್ಟಿರಲಿ.

ಇಳಿತದ ಹೊತ್ತು ದಿನಕ್ಕೆ ಸುಮಾರು 50 ನಿಮಿಷ ಮುಂದೆ ಹೋಗುತ್ತದೆ. ನಿನ್ನೆ ಒಂಬತ್ತಕ್ಕೆ ಸರಿಯಾಗಿದ್ದ ಲೆಕ್ಕ ಇವತ್ತು ಸರಿಯಲ್ಲ. ಮೊಬೈಲಿನಲ್ಲಿ ಬರುವ ಹೊತ್ತು ಮುರಗಾಂವ್ ಬಂದರಿನದು. ಚಿಖಲಿಯ ಕೊಲ್ಲಿಯಿರುವ ಜುವಾರಿ ನದಿಯ ಒಳಕ್ಕೆ ಹೋದಷ್ಟೂ ನೀರು ಸ್ವಲ್ಪ ತಡವಾಗಿ ತಿರುಗುತ್ತದೆ. ಅದಕ್ಕೇ ನೀರಂಚಿನಲ್ಲಿ ಒಂದು ಕೋಲು ನೆಟ್ಟು ಅದಕ್ಕೆ ಬಿಳಿ ಬಟ್ಟೆ ಕಟ್ಟು, ನೀರು ಇಳಿದಂತೆ ಅದನ್ನೂ ನೀರಂಚಿಗೆ ಸರಿಸು. ಕೋಲಿನ ಬುಡ ನೆನೆಯಿತೆಂದರೆ ಬೇರೆ ಗಡಿಯಾರ ಬೇಕಿಲ್ಲ.

ಈಗ ಮೀನಿನ ಮಾತು. ನಾವು ನಂಗು ಅನ್ನುತ್ತೇವೆ, ಗೋವೆಯವರು ಲೆಪೊ ಅನ್ನುತ್ತಾರೆ. ಅದರಂಥ ಮೀನು ಮತ್ತೊಂದಿಲ್ಲ. ಮೊಟ್ಟೆಯೊಡೆದು ಬಂದಾಗ ಎಲ್ಲ ಮರಿಗಳಂತೆ ನೆಟ್ಟಗೆ ಈಜುತ್ತದೆ, ಮುಖದ ಎರಡೂ ಬದಿಗೆ ಒಂದೊಂದು ಕಣ್ಣು. ಬೆಳೆಯುತ್ತ ಒಂದು ಕಣ್ಣು ತಲೆ ದಾಟಿ ಇನ್ನೊಂದರ ಪಕ್ಕಕ್ಕೆ ಬರುತ್ತದೆ. ನಂಗಿಗೆ ಎರಡೂ ಕಣ್ಣು ಎಡಮೈಯಲ್ಲಿ. ಆಮೇಲೆ ಬಲಮೈಯನ್ನು ನೆಲಕ್ಕೆ ಹಾಸಿ ಮಲಗಿ, ಮೈಮೇಲೆ ಮರಳೆರಚಿಕೊಂಡು, ಕಣ್ಣಷ್ಟೇ ಹೊರಗಿಟ್ಟು ಕಾಯುತ್ತದೆ. ನೀನು ಹುಡುಕಬೇಕಾದದ್ದು ಮೀನನ್ನಲ್ಲ, ಮರಳಿನ ಮೇಲೆ ನಾಲಿಗೆಯಾಕಾರದ ಒಂದು ಅಂಚನ್ನು. ಮಳೆಯ ಕೆಂಪು ನೀರಿನಲ್ಲಿ, ಗಾಳಿಗೆ ನಿರಿಗೆಯಾದ ನೀರಿನಲ್ಲಿ ಅದು ಕಾಣುವುದಿಲ್ಲ. ನೀರು ತಿಳಿಯಾಗುವ ಚಳಿಗಾಲದವರೆಗೆ ತಾಳು. ಕಂಡಮೇಲೂ ಕಣ್ಣನ್ನು ಪೂರಾ ನಂಬಬೇಡ. ನೀರೊಳಗಿನದು ಇರುವುದಕ್ಕಿಂತ ಮೇಲೆ ಕಾಣುತ್ತದೆ, ನೇರ ಮೇಲಿನಿಂದ ನೋಡಿದರೂ ನಾಲ್ಕು ಬೆರಳು ಆಳ ಮೂರು ಬೆರಳಾಗಿ ತೋರುತ್ತದೆ. ಕಂಡದ್ದಕ್ಕಿಂತ ಕೆಳಗೆ ಗುರಿಯಿಡು.

ಗುರಿಯಿಡುವ ಮೊದಲು ಅಳತೆ ನೋಡು. ಇದನ್ನು ನೀನು ಮರೆಯಬಾರದು. ಗಾಳಕ್ಕೆ ಬಂದ ಮರಿಯನ್ನು ಬಿಡಿಸಿ ನೀರಿಗೆ ಬಿಡಬಹುದು. ಚುಚ್ಚಿದ್ದನ್ನು ಬಿಡಲಾಗುವುದಿಲ್ಲ. ಅಮೆರಿಕದ ಟೆಕ್ಸಾಸ್ ದಂಡೆಯ ಆಳವಿಲ್ಲದ ಕೊಲ್ಲಿಗಳಲ್ಲಿ ಜನ ಹೀಗೇ ದೀಪ ಹಿಡಿದು ನಂಗಿನ ದಾಯಾದಿ ಮೀನನ್ನು ಚುಚ್ಚುತ್ತಾರೆ. ಆ ಮೀನು ಕಡಿಮೆಯಾಗುತ್ತ ಬಂದಾಗ ಅಲ್ಲಿನ ಸರ್ಕಾರ 2020ರಲ್ಲಿ 15 ಇಂಚಿಗಿಂತ ಚಿಕ್ಕದನ್ನು ಹಿಡಿಯಬಾರದೆಂದಿತು, 2021ರಿಂದ ನವೆಂಬರ್ 1ರಿಂದ ಡಿಸೆಂಬರ್ 14ರವರೆಗೆ ಹಿಡಿಯುವುದನ್ನೇ ನಿಲ್ಲಿಸಿತು. ಬಲಿತ ಮೀನು ಮೊಟ್ಟೆಯಿಡಲು ಕೊಲ್ಲಿಯಿಂದ ಕಡಲಿಗೆ ಹೊರಡುವ ಕಾಲ ಅದು. ನಮ್ಮ ನಂಗು ಅಷ್ಟು ದೊಡ್ಡದಾಗುವುದಿಲ್ಲ, ಬಹುಪಾಲು ಒಂದು ಗೇಣಿನೊಳಗೇ. ಅಂಗೈಯಗಲದ ಮರಿಗೆ ಮೂರು ಮೊನೆ ಹಾಕಿದರೆ ಬಾಣಲೆಗೆ ಏನು ಉಳಿಯುತ್ತದೆ ಹೇಳು? ದೊಡ್ಡದು ನಾಲ್ಕು ಸಿಕ್ಕರೆ ಮನೆಗೆ ಬಾ. ಚರ್ಮ ಸುಲಿದು, ಖಾರ ಹಚ್ಚಿ, ರವೆಯಲ್ಲಿ ಹೊರಳಿಸಿ ಹುರಿದರೆ ಒಂದು ಮನೆಗೆ ಅದು ಸಾಕು.

ಕಾಲಿನ ಬಗ್ಗೆ ನನಗೆ ಹೆಚ್ಚು ಭಯ. ನಂಗು ಮಲಗುವ ಮರಳಲ್ಲೇ ತೊರಕೆ ಮೀನೂ ಮಲಗುತ್ತದೆ. ಅದರ ಬಾಲದ ಮುಳ್ಳಿಗೆ ವಿಷವಿದೆ. ಅದು ಅಟ್ಟಿಸಿಕೊಂಡು ಬಂದು ಚುಚ್ಚುವ ಜೀವಿಯಲ್ಲ, ಬೆನ್ನ ಮೇಲೆ ಕಾಲಿಟ್ಟರೆ ಚುಚ್ಚುತ್ತದೆ. ಆದ್ದರಿಂದ ಹೆಜ್ಜೆ ಎತ್ತಿಡಬೇಡ, ಅಂಗಾಲನ್ನು ನೆಲಕ್ಕೆ ಸವರುತ್ತ ನಡೆ. ತಾಗಿದ ಸುಳಿವು ಸಿಕ್ಕರೆ ಅದೇ ಸರಿದು ಹೋಗುತ್ತದೆ. ಬರಿಗಾಲಲ್ಲಿ ಇಳಿಯಲೇಬೇಡ, ಕಲ್ವದ ಚಿಪ್ಪು ಬ್ಲೇಡಿನಂತಿರುತ್ತದೆ. ತೊರಕೆ ಚುಚ್ಚಿದರೆ ಮೊದಲು ದಂಡೆಗೆ ಬಂದು, ಸುಡದಷ್ಟು ಬಿಸಿಯಾದ, ಸುಮಾರು 45 ಡಿಗ್ರಿಯ ನೀರಿನಲ್ಲಿ ಕಾಲಿಡು. ಅರ್ಧ ಗಂಟೆಯಿಂದ ಒಂದೂವರೆ ಗಂಟೆ. ನೋವು ಇಳಿಯುತ್ತದೆ. ಇಳಿಯಿತೆಂದು ಮನೆಯಲ್ಲಿ ಕೂರಬೇಡ, 108ಕ್ಕೆ ಕರೆಮಾಡಿ ಆಸ್ಪತ್ರೆಗೆ ಹೋಗು. ಮುಳ್ಳಿನ ಚೂರು ಒಳಗೆ ಉಳಿದಿರಬಹುದು, ಧನುರ್ವಾಯುವಿನ ಚುಚ್ಚುಮದ್ದೂ ಬೇಕಾಗಬಹುದು. ನಿನ್ನ ಗುಂಪಿನಲ್ಲಿ ಸಕ್ಕರೆ ಕಾಯಿಲೆಯವರೋ ಯಕೃತ್ತಿನ ತೊಂದರೆಯವರೋ ಇದ್ದರೆ ಕಾಲಲ್ಲಿ ಸಣ್ಣ ಗಾಯವಿದ್ದರೂ ಅವರನ್ನು ನೀರಿಗೆ ಇಳಿಸಬೇಡ. ಉಪ್ಪುನೀರಿನ ಕೆಲವು ಸೂಕ್ಷ್ಮಾಣುಗಳು ಅಂಥವರಲ್ಲಿ ಒಂದೆರಡು ದಿನದಲ್ಲೇ ಪ್ರಾಣಕ್ಕೆ ಬರುತ್ತವೆ.

ಎಲ್ಲ ನೀರೂ ನಿನ್ನದಲ್ಲ ಅನ್ನುವುದೂ ಗೊತ್ತಿರಲಿ. ನಮ್ಮೂರಿನ ಗಜನಿಯಂತೆಯೇ ಇಲ್ಲಿ ಖಾಜನ್. ಕಟ್ಟೆ ಕಟ್ಟಿ ಉಪ್ಪುನೀರನ್ನು ತಡೆದು ಬತ್ತ ಬೆಳೆದ ನೆಲ. ಅದರ ತೂಬಿಗೆ ಮಾನಸ್ ಅನ್ನುತ್ತಾರೆ. ಮಾನಸಿನ ಬಾಯಲ್ಲಿ ಮೀನು ಹಿಡಿಯುವ ಹಕ್ಕನ್ನು ಹರಾಜಿನಲ್ಲಿ ದುಡ್ಡು ಕೊಟ್ಟು ಪಡೆದವರಿರುತ್ತಾರೆ. ಅಲ್ಲಿ ಕೈಹಾಕಿದರೆ ಕಳ್ಳತನ. ಅದಲ್ಲದೆ ಇಳಿತದಲ್ಲಿ ತೂಬಿನ ಮುಂದೆ ನೀರು ಸುಳಿಯುವ ರಭಸ ಆಳನ್ನು ನಿಲ್ಲಗೊಡುವುದಿಲ್ಲ. ಮಾಂಡವಿ ಜುವಾರಿಗಳನ್ನು ಕೂಡಿಸುವ ಕುಂಭಾರ್ಜುವಾ ಕಾಲುವೆಯ ಕಡೆಗಂತೂ ಹೋಗಲೇಬೇಡ, ಅಲ್ಲಿ ಮೊಸಳೆಗಳಿವೆ. ಗಾಲ್ಜಿಬಾಗ್, ಮೊರ್ಜಿಮ್ ದಂಡೆಗಳಲ್ಲಿ ಚಳಿಗಾಲದಲ್ಲಿ ಕಡಲಾಮೆ ಮೊಟ್ಟೆಯಿಡಲು ಬರುತ್ತದೆ, ಅಲ್ಲಿ ನಿನ್ನ ದೀಪ ಅದಕ್ಕೂ ಅದರ ಮರಿಗೂ ದಾರಿ ತಪ್ಪಿಸುತ್ತದೆ. ಚಿಖಲಿಯ ಕೆಸರಿನಲ್ಲಿ ತಟ್ಟೆಯಂಥ ತೆಳು ಚಿಪ್ಪಿನ ಜೀವಿಯಿದೆ. ಹಳೆಯ ಗೋವೆಯ ಮನೆಗಳಲ್ಲಿ ಕಿಟಕಿಗೆ ಗಾಜಿನ ಬದಲು ಕೂರಿಸುತ್ತಿದ್ದದ್ದು ಅದೇ ಚಿಪ್ಪು. ಈಗ ವನ್ಯಜೀವಿ ಕಾನೂನಿನ ರಕ್ಷಣೆಯಲ್ಲಿದೆ. ಕಂಡರೆ ನೋಡಿ ಸಂತೋಷಪಡು, ಎತ್ತಬೇಡ.

ದಂಡೆಯ ಮೀನುಗಾರರನ್ನು ಕೇಳಿಯೇ ಇಳಿ. ಕತ್ತಲಲ್ಲಿ ಪ್ರಖರ ಬೆಳಕು ಕಂಡರೆ ಅವರಿಗೆ ಸಿಟ್ಟು ಬರುವುದಕ್ಕೆ ಕಾರಣವಿದೆ. 1970ರ ದಶಕದಲ್ಲಿ ಟ್ರಾಲರುಗಳ ವಿರುದ್ಧ ಬೀದಿಗಿಳಿದ, ರಾಂಪಣಿ ಬಲೆ ಎಳೆಯುವ ಮೀನುಗಾರರ ನಾಡು ಇದು. ದೋಣಿಗಳಲ್ಲಿ ಜನರೇಟರು ಹೊತ್ತು ಎಲ್‌ಇಡಿ ಬೆಳಕಿಗೆ ಮೀನು ಸೆಳೆಯುವುದನ್ನು ಕೇಂದ್ರ ಸರ್ಕಾರ 2017ರಲ್ಲಿ ನಿಷೇಧಿಸಿದರೂ ಆ ಜಗಳ ಆರಿಲ್ಲ. ‘ಕಾಕಾ, ಇಲ್ಲಿ ಇಳಿಯಬಹುದೇ?’ ಎಂದು ಒಂದು ಮಾತು ಕೇಳು. ಬೇಡ ಅಂದರೆ ವಾದ ಮಾಡದೆ ಮರಳು. ಹೂಂ ಅಂದರೆ ತಗ್ಗು ಎಲ್ಲಿ, ಕಾಲು ಹೂತುಹೋಗುವ ಕೆಸರು ಎಲ್ಲಿ ಅಂತಲೂ ಅವರೇ ಹೇಳುತ್ತಾರೆ.

ಇನ್ನು ನಿನ್ನ ತಲೆದೀಪ. ಅದು ನಿನ್ನ ಸುತ್ತ ಬೆಳಕಿನ ಒಂದು ಕೋಣೆ ಕಟ್ಟುತ್ತದೆ. ಕೋಣೆಯೊಳಗೆ ಮೀನು ಕಾಣುತ್ತದೆ, ಆಚೆ ದಂಡೆ ಕಾಣುವುದಿಲ್ಲ. ಬೆಳಕಿಗೆ ಒಗ್ಗಿದ ಕಣ್ಣು ಮತ್ತೆ ಕತ್ತಲಿಗೆ ಒಗ್ಗಲು ಇಪ್ಪತ್ತು ಮೂವತ್ತು ನಿಮಿಷ ಬೇಕು. ಆದ್ದರಿಂದ ಆಗಾಗ ದೀಪವನ್ನು ಕೆಳಕ್ಕೆ ಬಾಗಿಸಿ ತಲೆಯೆತ್ತಿ ದಂಡೆಯ ಗುರುತು ಹುಡುಕು. ಇಬ್ಬರು ನೀರಲ್ಲಿದ್ದರೆ ಒಬ್ಬ ದಂಡೆಯಲ್ಲಿರಲಿ, ಅವನ ಬಾಯಲ್ಲಿ ಸೀಟಿಯಿರಲಿ. ಹೊತ್ತಾಯಿತೆಂದು ಅವನು ಊದಿದರೆ ಮರುಮಾತಿಲ್ಲದೆ ತಿರುಗಬೇಕು. ಕುಡಿದವನು ದಂಡೆಯಲ್ಲೂ ಬೇಡ, ನೀರಲ್ಲೂ ಬೇಡ. ಬೀಚುಗಳ ಜೀವರಕ್ಷಕರು ಕತ್ತಲಾಗುವಾಗ ಮನೆಗೆ ಹೋಗಿರುತ್ತಾರೆ, ಚಿಖಲಿಯ ಕೆಸರಿನಲ್ಲಿ ನಿನ್ನನ್ನು ಕಾಯುವವನು ಆ ಸೀಟಿಯವನೊಬ್ಬನೇ.

ಬರುವ ಭಾನುವಾರ ಹಗಲಿನ ಸುಕ್ತಿಗೆ ನಾನೂ ನಿನ್ನೊಡನೆ ಬರುತ್ತೇನೆ. ನೀರಿಳಿದಾಗ ಕೊಲ್ಲಿಯ ತಳವನ್ನು ನಡೆದು ನೋಡೋಣ. ತಗ್ಗು ಎಲ್ಲಿ ಹರಿಯುತ್ತದೆ, ಎಲ್ಲಿ ದಾಟಬೇಕು, ಕೋಲು ಎಲ್ಲಿ ನೆಡಬೇಕು ಎಲ್ಲ ತೋರಿಸುತ್ತೇನೆ. ಆಮೇಲೆ ದಂಡೆಯ ಮೇಲೆ ಕೂತು ಭರ್ತಿ ಬರುವುದನ್ನು ಕೊನೆಯವರೆಗೂ ನೋಡೋಣ, ಅದು ಮೊದಲು ಎಲ್ಲಿ ತುಂಬುತ್ತದೆ ಅಂತ ನೀನೇ ಹೇಳು. ಈಟಿ ಮನೆಯಲ್ಲಿರಲಿ. ಹಳೆಯ ಶೂ ಹಾಕಿಕೊಂಡು ಬಾ, ನನಗೂ ಒಂದು ಊರುಗೋಲು ತಾ.